ಸೂರ್ಯವಿದ್ಯೆಯ ವೆಚ್ಚವನ್ನು ಹೊರುವವರು ಯಾರು?

ಹತ್ತನೆಯ ತರಗತಿಯನ್ನು ಮುಗಿಸಿದ ವಿದ್ಯಾರ್ಥಿಯ ಮುಂದೆ ಇಂದು ಹೊಸದೊಂದು ಉದ್ಯೋಗಮಾರ್ಗವು ತೆರೆದಿದೆ. ಸೂರ್ಯನ ಬೆಳಕು, ಗಾಳಿ ಮೊದಲಾದ ನಿರ್ಮಲ ಮೂಲಗಳಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಕಾರ್ಯವೇ ಅದು. ಕರ್ನಾಟಕದ ಪಾವಗಡದಲ್ಲಿ, ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವು ತಲೆಯೆತ್ತಿದೆ. 2024ರಲ್ಲಿ ಆರಂಭವಾದ 'ಪಿಎಂ ಸೂರ್ಯ ಘರ್' ಯೋಜನೆಯು ಒಂದು ಕೋಟಿ ಮನೆಗಳ ಮಾಳಿಗೆಗಳ ಮೇಲೆ ಸೌರ ಫಲಕಗಳನ್ನು ಕೂಡಿಸುವ ಗುರಿಯುಳ್ಳದ್ದು. ಅದಕ್ಕಾಗಿ ಕೇಂದ್ರ ಸರಕಾರವು 75,021 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ಫಲಕಗಳೇನೋ ಬರುವುವು. ಅವುಗಳನ್ನು ಜೋಡಿಸುವ ಕೈಗಳನ್ನು ಸಿದ್ಧಗೊಳಿಸುವ ವೆಚ್ಚವನ್ನು ಹೊರುವವರು ಯಾರು?

ಈ ಕೆಲಸಕ್ಕೆ ಶಿಕ್ಷಣವೇಕೆಂದು ಕೆಲವರು ಕೇಳಬಹುದು. ಸಾಮಾನ್ಯ ವಿದ್ಯುತ್ ತಂತಿಯನ್ನು ಗುಂಡಿಯೊತ್ತಿ ನಿರ್ಜೀವಗೊಳಿಸಬಹುದು; ಆದರೆ ಬಿಸಿಲಿನಲ್ಲಿರುವ ಸೌರ ಫಲಕವನ್ನು ಹಾಗೆ ಆರಿಸಲಾಗದು. ಬೆಳಕು ಬೀಳುತ್ತಿರುವವರೆಗೂ ಅದರಲ್ಲಿ ವಿದ್ಯುದೊತ್ತಡವಿದ್ದೇ ಇರುತ್ತದೆ. ಫಲಕವು ಕೊಡುವ ನೇರ ಪ್ರವಾಹವನ್ನು ಇನ್ವರ್ಟರ್ ಎಂಬ ಯಂತ್ರವು ಮನೆಯ ಬಳಕೆಗೆ ತಕ್ಕ ಪರ್ಯಾಯ ಪ್ರವಾಹವನ್ನಾಗಿ ಮಾರ್ಪಡಿಸುತ್ತದೆ. ಜೋಡಣೆ ಸಡಿಲವಾದರೆ ಕಿಡಿ ಹಾರಿ ಬೆಂಕಿ ಹತ್ತಬಹುದು. ಎತ್ತರದ ಮಾಳಿಗೆಯ ಅಂಚಿನಲ್ಲಿ ಕಾಲು ಜಾರಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಇಲ್ಲಿ ತರಬೇತಿಯು ಅಲಂಕಾರವಲ್ಲ, ರಕ್ಷಾಕವಚ.

ಇನ್ನು ವೆಚ್ಚದ ವಿಚಾರ. ಅದರಲ್ಲಿ ಎರಡು ಭಾಗಗಳಿವೆ. ಶಿಕ್ಷಕರು, ಉಪಕರಣಗಳು, ಕಾರ್ಯಾಗಾರ ಇವುಗಳದು ಮೊದಲನೆಯದು. ಇದು ಎಲ್ಲರ ಕಣ್ಣಿಗೂ ಕಾಣುವಂಥದು. ಕಲಿಯುವ ಕಾಲದಲ್ಲಿ ಆ ತರುಣನು ಕಳೆದುಕೊಳ್ಳುವ ಸಂಪಾದನೆಯು ಎರಡನೆಯದು. ಇದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ; ಅವನ ಮನೆಯ ಒಲೆಯ ಮೇಲೆ ಕಾಣುತ್ತದೆ.

ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ಕನ್ನಡಿಗರ ಪರಂಪರೆಯು ಮುಂಬಯಿಗೆ ಹೊಸದಲ್ಲ. ರಾತ್ರಿ ಶಾಲೆಯು ಆ ಎರಡನೆಯ ವೆಚ್ಚವನ್ನೇ ಉಳಿಸಿಕೊಟ್ಟಿತು. ಸಂಬಳವನ್ನು ಬಿಡದೆಯೇ ವಿದ್ಯೆಯನ್ನು ಕೊಟ್ಟಿತು. ಆದರೆ ಸೂರ್ಯವಿದ್ಯೆಗೆ ಈ ಉಪಾಯವು ಪೂರ್ತಿಯಾಗಿ ಸಲ್ಲದು. ಸೂತ್ರಗಳನ್ನು ದೀಪದ ಬೆಳಕಿನಲ್ಲಿ ಕಲಿಯಬಹುದು. ಫಲಕದ ಒತ್ತಡವನ್ನು ಅಳೆಯಲು ಬಿಸಿಲೇ ಬೇಕು. ಹಗಲನ್ನು ಬೇಡುವ ವಿದ್ಯೆಯು ಹಗಲಿನ ಕೂಲಿಯನ್ನೂ ಬೇಡುತ್ತದೆ.

ಸರಕಾರವು ಇದನ್ನು ಸ್ವಲ್ಪಮಟ್ಟಿಗೆ ಮನಗಂಡಿದೆ. 2015ರಲ್ಲಿ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯ ಮೂಲಕ ಆರಂಭವಾದ 'ಸೂರ್ಯಮಿತ್ರ' ಕಾರ್ಯಕ್ರಮವು, 2020ರ ಮಾರ್ಚ್ ತಿಂಗಳೊಳಗಾಗಿ 50,000 ಮಂದಿಯನ್ನು ತರಬೇತುಗೊಳಿಸುವ ಗುರಿಯನ್ನು ಹೊಂದಿತ್ತು. 600 ಗಂಟೆಗಳ ಆ ಶಿಕ್ಷಣಕ್ಕೆ ಶುಲ್ಕವಿರಲಿಲ್ಲ. ಊಟ ವಸತಿಗಳೂ ಉಚಿತವಾಗಿದ್ದುವು. ಆದರೆ 600 ಗಂಟೆಗಳೆಂದರೆ ಸುಮಾರು ಮೂರು ತಿಂಗಳು. ಅಭ್ಯರ್ಥಿಯ ಹೊಟ್ಟೆ ತುಂಬಿದರೂ ಅವನ ಗಳಿಕೆಯನ್ನು ನೆಚ್ಚಿದ ಮನೆಯವರ ಗತಿಯೇನು?

ಇದಕ್ಕೆ ಇನ್ನೊಂದು ದಾರಿಯುಂಟು. 1961ರ ಅಪ್ರೆಂಟಿಸ್ ಕಾಯಿದೆಯಂತೆ ಕೆಲಸ ಕಲಿಯುವವನಿಗೆ ಉದ್ಯಮಿಯು ಶಿಷ್ಯವೇತನವನ್ನು ಕೊಡಬೇಕು. 2016ರ ರಾಷ್ಟ್ರೀಯ ಯೋಜನೆಯೊಂದು ಆ ವೇತನದ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಗಳಿಗೆ ಮೀರದಂತೆ, ಸರಕಾರದ ಪಾಲಿಗೆ ವಹಿಸಿತು. ಇಲ್ಲಿ ಕಲಿಕೆಯೂ ಗಳಿಕೆಯೂ ಜೊತೆಯಾಗಿ ಸಾಗುತ್ತವೆ. ಮೇಲಾಗಿ, 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ತಮ್ಮ ಲಾಭದ ಸರಾಸರಿಯಲ್ಲಿ ಶೇಕಡಾ 2ರಷ್ಟನ್ನು ಸಮಾಜಹಿತಕ್ಕೆ ವಿನಿಯೋಗಿಸಬೇಕೆನ್ನುತ್ತದೆ. ಉದ್ಯೋಗ ಕೌಶಲದ ಶಿಕ್ಷಣವೂ ಅದರಲ್ಲಿ ಸೇರಿದೆ. ಈ ಹಣವು ಕಟ್ಟಡಗಳಿಗಷ್ಟೇ ಹೋಗದೆ ಶಿಷ್ಯವೇತನಕ್ಕೂ ಹರಿದರೆ ಬಡವರ ಮಕ್ಕಳಿಗೆ ನಿಜವಾದ ಉಪಕಾರವಾದೀತು.

ವಿದ್ಯಾರ್ಥಿ ಮಿತ್ರರೇ, ತರಬೇತಿಗೆ ಸೇರುವ ಮುನ್ನ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ: ಶುಲ್ಕವೆಷ್ಟು? ಕಲಿಯುವಾಗ ಕೈಗೆ ಬರುವುದೆಷ್ಟು? ಕಲಿತ ಮೇಲೆ ಕೆಲಸ ಕೊಡುವವರಾರು? ಹಿರಿಯರಲ್ಲಿಯೂ ಒಂದು ಬಿನ್ನಹ. ಉಚಿತ ಶಿಕ್ಷಣವೆಂದರೆ ಶುಲ್ಕವಿಲ್ಲದ ಶಿಕ್ಷಣವೆಂದಷ್ಟೇ ತಿಳಿಯಬಾರದು. ಕಲಿಯುವವನ ಮನೆಯಲ್ಲಿ ಒಲೆ ಆರದಂತೆ ನೋಡಿಕೊಂಡಾಗಲೇ ಅದು ನಿಜವಾಗಿ ಉಚಿತವೆನಿಸುವುದು.