ಬಿಸಿ ಗಾಜಿಗೆ ಅಂಟದ ಅಚ್ಚು

ಕುರುಡುಮಲೆಯ ಹದಿಮೂರೂವರೆ ಅಡಿ ಎತ್ತರದ ಗಣಪನ ದರ್ಶನ ಮುಗಿಸಿದವರು ಊರಿಗೆ ಹೊರಡುವ ಮುನ್ನ ಒಂದು ಡಜನ್ ಗಾಜಿನ ಬಳೆ ಕೊಂಡರೆ, ಅದರಲ್ಲೊಂದನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಬೇಕು. ಎಲ್ಲೋ ಒಂದು ಕಡೆ ಗಾಜು ಕೊಂಚ ಉಬ್ಬಿರುತ್ತದೆ, ಅಥವಾ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಅದೇ ಬೆಸುಗೆ. ದೇಶದ ಗಾಜಿನ ಬಳೆಗಳಲ್ಲಿ ಹೆಚ್ಚಿನವು ಬರುವುದು ಉತ್ತರ ಪ್ರದೇಶದ ಫಿರೋಜಾಬಾದಿನಿಂದ. ಅಲ್ಲಿ ಕುಲುಮೆಯಿಂದ ಎಳೆದ ಗಾಜಿನ ಎಳೆಯನ್ನು ತಿರುಗುವ ಉರುಳೆಗೆ ಸುರುಳಿ ಸುತ್ತಿ, ಉದ್ದಕ್ಕೆ ಸೀಳಿ, ಬಾಯಿ ಬಿಟ್ಟ ಉಂಗುರಗಳನ್ನು ಮನೆಮನೆಗೆ ಹಂಚುತ್ತಾರೆ. ಹೆಂಗಸರು ಸಣ್ಣದೊಂದು ಜ್ವಾಲೆಯ ಮುಂದೆ ಕೂತು ಎರಡು ತುದಿಗಳನ್ನು ಕೂಡಿಸುತ್ತಾರೆ.

ಹೀಗೆ ದೊಡ್ಡ ಕುಲುಮೆಯ ಹಂಗಿಲ್ಲದೆ, ಮೇಜಿನ ಮೇಲಿನ ಜ್ವಾಲೆಯಲ್ಲೇ ಗಾಜನ್ನು ಮೆತ್ತಗಾಗಿಸಿ ರೂಪ ಕೊಡುವ ಕಸುಬಿಗೆ ಲ್ಯಾಂಪ್‌ವರ್ಕಿಂಗ್ ಎನ್ನುತ್ತಾರೆ. ಒಂದು ಕಾಲಕ್ಕೆ ಎಣ್ಣೆ ದೀಪದ ಉರಿಗೆ ಗಾಳಿ ಊದಿ ಮಾಡುತ್ತಿದ್ದರು. ಈಗ ಆಮ್ಲಜನಕ ಮತ್ತು ಎಲ್‌ಪಿಜಿ ಬೆರೆತ ಬರ್ನರ್. ಮಣಿ, ಗೋಲಿ, ಗಾಜಿನ ಗೊಂಬೆಗಳು ಹುಟ್ಟುವುದು ಈ ಉರಿಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ರಸಾಯನ ಪ್ರಯೋಗಗಳಿಗೆ ಬೇಕಾದ ಗಾಜಿನ ಉಪಕರಣಗಳನ್ನು ಗಾಜೂದುವ ಕಾರ್ಯಾಗಾರದಲ್ಲಿ ತಯಾರಿಸುವುದೂ ಇದೇ ವಿದ್ಯೆಯಿಂದ. ಈ ಎಲ್ಲ ಮೇಜುಗಳ ಮೇಲೆ ಸಾಮಾನ್ಯವಾಗಿ ಕಾಣುವ ವಸ್ತು ಒಂದಿದೆ: ಮುಟ್ಟಿದರೆ ಕೈಗೆ ಮಸಿಯಾಗುವ ಕಪ್ಪು ಗ್ರಾಫೈಟ್. ಪೆನ್ಸಿಲ್ ಕಡ್ಡಿಯಲ್ಲಿರುವುದೇ, ಆದರೆ ಇಲ್ಲಿ ಅದು ಅಚ್ಚು.

ಅಚ್ಚಿಗೆ ಗ್ರಾಫೈಟೇ ಏಕೆ ಬೇಕು? ಕಬ್ಬಿಣ, ಹಿತ್ತಾಳೆ ಅಗ್ಗವಾಗಿಯೂ ಗಟ್ಟಿಯಾಗಿಯೂ ಇವೆಯಲ್ಲ?

ತೊಂದರೆ ಇರುವುದು ಗಾಜಿನ ಸ್ವಭಾವದಲ್ಲಿ. ಗಾಜೆಂದರೆ ಮುಖ್ಯವಾಗಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳ ಕ್ರಮವಿಲ್ಲದ ಜಾಲ. ಕಾದು ಮೆತ್ತಗಾದಾಗ ಈ ಜಾಲ ಸಡಿಲಗೊಂಡು, ಎದುರಿಗೆ ಇನ್ನೊಂದು ಆಕ್ಸೈಡ್ ಸಿಕ್ಕರೆ ಅದರ ಆಮ್ಲಜನಕದೊಂದಿಗೆ ಕೈ ಜೋಡಿಸಿಬಿಡುತ್ತದೆ. ಕಾದ ಕಬ್ಬಿಣದ ಮೈಮೇಲೆ ತೆಳ್ಳನೆಯ ಆಕ್ಸೈಡ್ ಪದರ ಇದ್ದೇ ಇರುತ್ತದೆ. ಬಿಸಿ ಗಾಜು ಆ ಪದರವನ್ನು ಕೊಂಚ ಕರಗಿಸಿಕೊಂಡು ಅದಕ್ಕೇ ಬೆಸೆದುಕೊಳ್ಳುತ್ತದೆ. ಲೋಹ ತಣ್ಣಗಿದ್ದರೆ ಗಾಜಿನ ಹೊರಮೈ ಕೂಡಲೇ ಗಟ್ಟಿಯಾಗುವುದರಿಂದ ಅಂಟುವ ಸಂಭವ ಕಡಿಮೆ. ಕೆಲಸ ಮುಂದುವರಿದು ಲೋಹವೂ ಕಾದಂತೆಲ್ಲ ಅಂಟು ಬಲವಾಗುತ್ತದೆ. ಮುಳಬಾಗಿಲು ದೋಸೆ ಹುಯ್ಯುವವರಿಗೆ ಕಾವಲಿಯ ಹದ ಗೊತ್ತಿರುವಂತೆ ಗಾಜಿನ ಕೆಲಸದವರಿಗೂ ಲೋಹದ ಹದ ಗೊತ್ತಿರಬೇಕು, ಆದರೆ ಇಲ್ಲಿ ಎಣ್ಣೆ ಸವರಿ ಪಾರಾಗುವ ದಾರಿ ಅಷ್ಟು ಸುಲಭವಲ್ಲ.

ಕಸುಬಿನಲ್ಲಿ ಕಾಟ ಕೊಡುವ ಇದೇ ಅಂಟು ಇನ್ನೊಂದು ಕಡೆ ದೊಡ್ಡ ಉಪಕಾರಿ. ಹಳೆಯ ಕಾಲದ ಬಲ್ಬೊಂದನ್ನು ಹತ್ತಿರ ಹಿಡಿದು ಅದರೊಳಗಿನ ಗಾಜಿನ ಕಂಬವನ್ನು ನೋಡಿದರೆ, ಗಾಜನ್ನು ಹಾದುಹೋಗುವ ತಂತಿ ಇಟ್ಟಿಗೆಯ ಕೆಂಪು ಬಣ್ಣದ್ದಾಗಿ ಕಾಣುತ್ತದೆ. ಅದು ನಿಕ್ಕಲ್-ಕಬ್ಬಿಣದ ಮೇಲೆ ತಾಮ್ರ ಹೊದಿಸಿದ ತಂತಿ. ಕೆಂಪು ಬಣ್ಣ ತಾಮ್ರದ ಆಕ್ಸೈಡಿನದು. ಗಾಜು ಆ ಆಕ್ಸೈಡಿಗೆ ಬೆಸೆದುಕೊಂಡಿರುವುದರಿಂದಲೇ ವರ್ಷಗಟ್ಟಲೆ ಹೊರಗಿನ ಗಾಳಿ ಒಳಗೆ ನುಸುಳುವುದಿಲ್ಲ. ಕೋಲಾರದ ಚಿನ್ನದ ಗಣಿ ಇದಕ್ಕೆ ಇನ್ನೂ ದೊಡ್ಡ ನಿದರ್ಶನ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದರು. ನಂಜನಗೂಡಿನ ಬಿ. ವಿ. ಶ್ರೀಕಂಠನ್ ಆ ತಂಡದಲ್ಲಿದ್ದವರು. ಕಣ ಹಾದುಹೋದ ಜಾಡನ್ನು ತೋರಿಸಿದ್ದು ನಿಯಾನ್ ತುಂಬಿ ಬಾಯಿ ಮುಚ್ಚಿದ ಗಾಜಿನ ಕೊಳವೆಗಳ ಸಾಲು. ಕಣ ಹಾದಾಗ ಮಿನುಗುವ ಸಿಂಟಿಲೇಟರಿನ ಕ್ಷೀಣ ಮಿಂಚನ್ನು ವಿದ್ಯುತ್ ಸಂಕೇತವಾಗಿಸಿದ್ದು ಫೋಟೊಮಲ್ಟಿಪ್ಲೈಯರ್, ಅದೂ ಗಾಜಿನ ಬುರುಡೆಯೇ. ಅದರ ಗಾಜನ್ನು ಭೇದಿಸಿ ಹೊರಬರುವ ಲೋಹದ ಕಡ್ಡಿಗಳನ್ನು ಕಾಯುವುದು ಈ ಆಕ್ಸೈಡ್ ಬೆಸುಗೆ. ಚಿನ್ನಕ್ಕಾಗಿ ತೋಡಿದ ಗುಂಡಿಯಲ್ಲಿ ಗಾಜು ಮಾಡಿದ ಈ ಕೆಲಸ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚು ಜಾಗ ಪಡೆಯಬೇಕಿತ್ತು.

ಈಗ ಗ್ರಾಫೈಟಿನ ಮಾತು. ಗ್ರಾಫೈಟ್ ಬರೀ ಇಂಗಾಲ. ಇಂಗಾಲವೂ ಕಾದಾಗ ಆಮ್ಲಜನಕದೊಂದಿಗೆ ಸೇರುತ್ತದೆ, ಆದರೆ ಅದರಿಂದ ಹುಟ್ಟುವ ಮೊನಾಕ್ಸೈಡ್, ಡೈಆಕ್ಸೈಡ್ ಎರಡೂ ಅನಿಲಗಳು. ಕಬ್ಬಿಣದ ಆಕ್ಸೈಡ್ ಮೈಗಂಟಿ ಕೂರುತ್ತದೆ, ಇಂಗಾಲದ್ದು ಹಾರಿಹೋಗುತ್ತದೆ. ಗಾಜಿಗೆ ಕೈ ಜೋಡಿಸಲು ಅಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಕರಗಿದ ಗಾಜು ಗ್ರಾಫೈಟಿನ ಮೇಲೆ ಹರಡದೆ ತನ್ನಷ್ಟಕ್ಕೆ ಉಂಡೆ ಕಟ್ಟಿಕೊಳ್ಳುತ್ತದೆ. ಜೊತೆಗೆ ಗ್ರಾಫೈಟ್ ಸಾಮಾನ್ಯ ಒತ್ತಡದಲ್ಲಿ ಕರಗುವುದೇ ಇಲ್ಲ. ಸುಮಾರು 3600 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನೇರವಾಗಿ ಆವಿಯಾಗುತ್ತದೆ. ಕಾದಾಗ ಹಿಗ್ಗುವುದೂ ಅತ್ಯಲ್ಪ, ಆದ್ದರಿಂದ ಉರಿಯಿಂದ ತೆಗೆದು ತಣ್ಣನೆಯ ಮೇಜಿನ ಮೇಲಿಟ್ಟರೂ ಬಿರುಕು ಬಿಡುವುದಿಲ್ಲ. ಅಕ್ಕಸಾಲಿಗರು ಚಿನ್ನ ಕರಗಿಸಲು ಗ್ರಾಫೈಟ್ ಮೂಸೆಯನ್ನು ನೆಚ್ಚುವುದಕ್ಕೂ ಇವೇ ಗುಣಗಳು ಕಾರಣ.

ಗೋಲಿ ಮಾಡುವುದನ್ನು ನೋಡಿದರೆ ಅಚ್ಚಿನ ಕೆಲಸ ಚೆನ್ನಾಗಿ ಅರ್ಥವಾಗುತ್ತದೆ. ಹಿಡಿಕೆ ಇರುವ ಗ್ರಾಫೈಟ್ ತುಂಡಿನ ಮೇಲೆ ಬೇರೆ ಬೇರೆ ಅಳತೆಯ ಅರೆಗೋಳದ ಕುಳಿಗಳಿರುತ್ತವೆ. ಬೋರೋಸಿಲಿಕೇಟ್ ಗಾಜಿನ ಕಡ್ಡಿಯ ತುದಿಯನ್ನು ಉರಿಗೆ ಹಿಡಿದರೆ ಸುಮಾರು 820 ಡಿಗ್ರಿಯ ಹೊತ್ತಿಗೆ ಅದು ತನ್ನ ಭಾರಕ್ಕೇ ಬಾಗತೊಡಗುತ್ತದೆ; ಸರಾಗವಾಗಿ ರೂಪ ಕೊಡಲು ಅದಕ್ಕಿಂತಲೂ ಬಹಳ ಹೆಚ್ಚು ಶಾಖ ಬೇಕು. ಕಿತ್ತಳೆ ಬಣ್ಣಕ್ಕೆ ತಿರುಗಿದ ಮುದ್ದೆಯನ್ನು ಉರಿಯಿಂದ ಈಚೆ ತೆಗೆದು, ಒಂದು ಕ್ಷಣ ತಡೆದು, ಕುಳಿಯಲ್ಲಿಟ್ಟು ತಿರುಗಿಸುತ್ತಾರೆ. ಒತ್ತುವುದಲ್ಲ, ತಿರುಗಿಸುವುದು. ಕುಳಿ ಗೋಲಿಗಿಂತ ತುಸು ದೊಡ್ಡದಿದ್ದರೆ ಗಾಜು ಅದರ ಇಡೀ ಮೈಗೆ ತಾಗದೆ ಸ್ವಲ್ಪ ಭಾಗಕ್ಕಷ್ಟೇ ತಾಗುತ್ತದೆ. ಕಡ್ಡಿಯ ಓರೆಯನ್ನು ಬದಲಿಸುತ್ತ ತಿರುಗಿಸಿದಂತೆ ಉಬ್ಬುತಗ್ಗುಗಳು ಸವೆಯುತ್ತವೆ, ಉಳಿದದ್ದನ್ನು ಮೇಲ್ಮೈ ಎಳೆತವೇ ನೋಡಿಕೊಳ್ಳುತ್ತದೆ. ಮತ್ತೆ ಉರಿ, ಮತ್ತೆ ಕುಳಿ. ಕೆಲಸ ಮಾಡುವವರ ಕಣ್ಣಿಗೆ ನಸು ನೇರಳೆ ಛಾಯೆಯ ಡಿಡಿಮಿಯಂ ಕನ್ನಡಕ ಇರುತ್ತದೆ: ಗಾಜಿನಲ್ಲಿರುವ ಸೋಡಿಯಂ ಉರಿಯಲ್ಲಿ ಚಿಮ್ಮಿಸುವ 589 ನ್ಯಾನೊಮೀಟರಿನ ಹಳದಿ ಬೆಳಕನ್ನು ಅದು ನುಂಗುತ್ತದೆ. ಅದಿಲ್ಲದಿದ್ದರೆ ಹಳದಿ ಝಗಝಗದ ಹಿಂದೆ ಗಾಜೇ ಕಾಣದು.

ಗ್ರಾಫೈಟಿಗೂ ಕೆಲವು ಮೊಂಡುತನಗಳಿವೆ. ಅಚ್ಚಿಗೆ ಬಳಸುವ ಗ್ರಾಫೈಟ್ ಶಾಖವನ್ನು ಸಾಮಾನ್ಯ ಉಕ್ಕಿಗಿಂತ ಚೆನ್ನಾಗಿಯೇ ಸಾಗಿಸುತ್ತದೆ. ತಣ್ಣನೆಯ ಅಚ್ಚಿಗೆ ಬಿಸಿ ಗಾಜು ತಾಗಿದರೆ ಅದರ ಹೊರಮೈ ಫಕ್ಕನೆ ಬಿಗಿದುಕೊಂಡು ಸುಕ್ಕು ಬೀಳುತ್ತದೆ, ಕೆಲವೊಮ್ಮೆ ಸೀಳುತ್ತದೆ. ಆದ್ದರಿಂದ ಅನುಭವಸ್ಥರು ಮೊದಲು ಅಚ್ಚನ್ನೂ ಉರಿಯ ಅಂಚಿಗೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಬಿದ್ದ ಸುಕ್ಕನ್ನು ಕೊನೆಗೆ ಉರಿಗೆ ಹಿಡಿದು ಅಳಿಸುತ್ತಾರೆ. ಕುಳಿಯಲ್ಲಿ ಗೀರು ಇದ್ದರೆ ಅದು ಗಾಜಿನ ಮೇಲೆ ಮೂಡುತ್ತದೆ, ಅದಕ್ಕೇ ಸಣ್ಣ ಕಣದ, ಒತ್ತಾಗಿ ಕಟ್ಟಿದ ಗ್ರಾಫೈಟನ್ನೇ ಆರಿಸಿ ನುಣ್ಣಗೆ ಉಜ್ಜುತ್ತಾರೆ. ಲೇತಿನಲ್ಲಿ ಕಡೆಯುವುದೇನೋ ಸುಲಭ. ಕಷ್ಟ ಕೊಡುವುದು ಧೂಳು: ಉಸಿರಿಗೆ ಕೆಟ್ಟದ್ದು, ವಿದ್ಯುತ್ತನ್ನೂ ಹರಿಸುವುದರಿಂದ ಯಂತ್ರದ ಮೋಟರಿಗೆ ನುಗ್ಗಿದರೆ ಶಾರ್ಟ್ ಆಗುತ್ತದೆ.

ಗಾಜು ಅಂಟದಂತೆ ನೋಡಿಕೊಳ್ಳುವ ಉಪಾಯಗಳು ಗ್ರಾಫೈಟಿಗಿಂತ ಹಳೆಯವು. ಗಡಿಯಾಚೆ, ತಿರುಪತಿಗೆ ಸಮೀಪದ ಪಾಪಾನಾಯುಡುಪೇಟದಲ್ಲಿ ಕುಲುಮೆಯಿಂದ ಟೊಳ್ಳು ಗಾಜಿನ ಎಳೆ ಎಳೆದು ಮಣಿ ಮಾಡುವ ಪರಂಪರೆಯಿದೆ. ಕತ್ತರಿಸಿದ ಚೂರುಗಳ ಅಂಚು ದುಂಡಗಾಗಲು ಮತ್ತೆ ಕಾಯಿಸಬೇಕು, ಆಗ ಒಂದಕ್ಕೊಂದು ಅಂಟಬಾರದು, ತೂತೂ ಮುಚ್ಚಬಾರದು. ಅದಕ್ಕೆ ಬೂದಿ ಬೆರೆಸಿ ಕಾಯಿಸುತ್ತಾರೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಪಂಚಲೋಹದ ವಿಗ್ರಹ ಎರಕ ಹೊಯ್ಯುವವರ ದಾರಿ ಬೇರೆ: ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಲೋಹ ಸುರಿದು, ಆಮೇಲೆ ಅಚ್ಚನ್ನೇ ಒಡೆಯುತ್ತಾರೆ. ಒಂದು ಮೂರ್ತಿಗೆ ಒಂದೇ ಅಚ್ಚು. ಗ್ರಾಫೈಟಿನದು ನೂರಾರು ಸಲ ಬಳಕೆಗೆ ಬರುತ್ತದೆ.

ಕೋಲಾರದ ಚಿನ್ನವಿರುವ ಪದರಶಿಲೆಗಳ ನಡುವೆ ಗ್ರಾಫೈಟ್ ಬೆರೆತ ಕಲ್ಲೂ ಇದೆ. ಆದರೆ ಅಚ್ಚಿಗೆ ಬೇಕಾದ್ದು ಅದಲ್ಲ. ಅಮೆರಿಕದ ಎಡ್ವರ್ಡ್ ಅಚೆಸನ್ 1896ರಲ್ಲಿ ಕೃತಕ ಗ್ರಾಫೈಟಿಗೆ ಪೇಟೆಂಟ್ ಪಡೆದ ಮೇಲೆ ಪೆಟ್ರೋಲಿಯಂ ಕೋಕ್ ಮತ್ತು ಟಾರನ್ನು ಬೆರೆಸಿ, ವಿದ್ಯುತ್ ಕುಲುಮೆಯಲ್ಲಿ 2500 ಡಿಗ್ರಿಗೂ ಮೇಲೆ ಬೇಯಿಸಿ ತಯಾರಿಸುವುದು ರೂಢಿಗೆ ಬಂತು. ಕೋಲಾರದ ಕಡೆಯಿಂದ ವೈಟ್‌ಫೀಲ್ಡ್ ದಾರಿಯಲ್ಲಿ ಬೆಂಗಳೂರಿಗೆ ಹೋಗುವವರು ಗ್ರಾಫೈಟ್ ಇಂಡಿಯಾ ಜಂಕ್ಷನ್ ದಾಟುತ್ತಾರೆ; ಉಕ್ಕಿನ ಕುಲುಮೆಗಳಿಗೆ ಗ್ರಾಫೈಟ್ ವಿದ್ಯುದ್ವಾರಗಳನ್ನು ಮಾಡುತ್ತಿದ್ದ ಅಲ್ಲಿನ ಕಾರ್ಖಾನೆ 2019ರಲ್ಲಿ ಮುಚ್ಚಿತು, ಹೆಸರು ಮಾತ್ರ ಸಿಗ್ನಲ್ಲಿನಲ್ಲಿ ಉಳಿಯಿತು.

ಇಂಗಾಲದ ಆಕ್ಸೈಡ್ ಹಾರಿಹೋಗುತ್ತದೆ ಎಂದರೆ ಪ್ರತಿ ಸಲವೂ ಅಚ್ಚಿನ ಒಂದಿಷ್ಟು ಅಂಶವೂ ಹಾರಿಹೋಗುತ್ತದೆ ಎಂದೇ ಅರ್ಥ. ತೆರೆದ ಗಾಳಿಯಲ್ಲಿ 450ರಿಂದ 500 ಡಿಗ್ರಿ ದಾಟಿದ ಮೇಲೆ ಗ್ರಾಫೈಟ್ ನಿಧಾನವಾಗಿ ಉರಿಯತೊಡಗುತ್ತದೆ, ಕುಳಿಯ ಅಂಚು ಮೊಂಡಾಗುತ್ತದೆ, ಮೈ ತರಿತರಿಯಾಗುತ್ತದೆ. ಬೆರಳಗಲದ ಗೋಲಿ ಮಾಡುವವರಿಗೆ ಇದು ಸಹ್ಯ. ಅಚ್ಚನ್ನು ಮತ್ತೆ ಉಜ್ಜಿಕೊಂಡರಾಯಿತು. ಅಂಚು ಬಾಗಿದ ಪರದೆಯ ಮೊಬೈಲ್ ಫೋನುಗಳ ಗಾಜಿಗೆ ಮಾತ್ರ ಇದು ನಡೆಯದು. ಕೋಲಾರದ ನರಸಾಪುರದಲ್ಲಿ ಫೋನ್ ಜೋಡಿಸುವ ದೊಡ್ಡ ಕಾರ್ಖಾನೆಯೇ ಇದೆ, ಆದರೆ ಗಾಜನ್ನು ಬಾಗಿಸುವ ಕೆಲಸ ಬೇರೆಯೇ ಉದ್ಯಮದ್ದು. ಅಲ್ಲಿ ಚಪ್ಪಟೆ ಗಾಜಿನ ಹಾಳೆಯನ್ನು ಎರಡು ಗ್ರಾಫೈಟ್ ಅಚ್ಚುಗಳ ನಡುವೆ ಇಟ್ಟು, ಮೆತ್ತಗಾಗುವಷ್ಟು ಕಾಯಿಸಿ ಒತ್ತುತ್ತಾರೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಪರದೆ ಕೂರುವುದಿಲ್ಲವಾದ್ದರಿಂದ, ಕುಲುಮೆಯೊಳಗಿನ ಗಾಳಿಯನ್ನು ಹೊರಗಟ್ಟಿ ಸಾರಜನಕ ತುಂಬಿಯೇ ಈ ಕೆಲಸ ನಡೆಸುತ್ತಾರೆ.