ನೊಂದವರ ಮೇಲೆಯೇ ತಪ್ಪು ಹೊರಿಸುವ ಮನಸ್ಸು

2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರೂ ಮಾರ್ಕಂಡೇಯ ನದಿಯ ಪ್ರವಾಹವೂ ಕೂಡಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದವು. ಮೂಡಲಗಿ ಭಾಗದ ಘಟಪ್ರಭಾ ತೀರದ ಹಳ್ಳಿಗಳೂ ಜಲಾವೃತವಾದವು. ಇಂಥ ವಿಪತ್ತಿನ ತರುವಾಯ ಎರಡು ಬಗೆಯ ಮಾತುಗಳು ಯಾಜಕನ ಕಿವಿಗೆ ಬೀಳುತ್ತವೆ. ‘ಹೊಳಿ ದಂಡ್ಯಾಗ ಮನಿ ಕಟ್ಟಿದ್ರ ಇನ್ನೇನಾಗತೈತ್ರಿ’ ಎಂದು ಎತ್ತರದಲ್ಲಿ ಮನೆಯುಳ್ಳವರು ಹೇಳುತ್ತಾರೆ. ‘ನಾವೇನ್ ಪಾಪಾ ಮಾಡಿದ್ವಿ, ಫಾದರ್?’ ಎಂದು ಮನೆ ಕಳೆದುಕೊಂಡವರು ಕೇಳುತ್ತಾರೆ. ಮೊದಲನೆಯದು ನಿಷ್ಠುರವಾಗಿಯೂ ಎರಡನೆಯದು ದೈನ್ಯವಾಗಿಯೂ ತೋರಿದರೂ ಎರಡರ ಬೇರು ಒಂದೇ.

ಮನೋವಿಜ್ಞಾನಿ ಮೆಲ್ವಿನ್ ಲರ್ನರ್ ಈ ಬೇರನ್ನು ‘ಲೋಕವು ನ್ಯಾಯವಾಗಿದೆಯೆಂಬ ನಂಬಿಕೆ’ ಎಂದು ಗುರುತಿಸಿದರು. ಅವರೂ ಕ್ಯಾರೊಲಿನ್ ಸಿಮನ್ಸ್ ಅವರೂ 1966ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುದಾಘಾತಕ್ಕೆ ಒಳಗಾಗುವಂತೆ ನಟಿಸಿದ ಯುವತಿಯನ್ನು ವಿದ್ಯಾರ್ಥಿನಿಯರು ನೋಡಿದರು. ಆಘಾತ ನಿಜವಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಆಕೆಯ ನೋವು ಮುಂದುವರಿಯುವುದೆಂದೂ ತಮ್ಮಿಂದ ಏನೂ ಆಗದೆಂದೂ ತಿಳಿದವರು ಕ್ರಮೇಣ ಆಕೆಯನ್ನೇ ಕೀಳಾಗಿ ಕಂಡರು. ನೋವನ್ನು ನಿಲ್ಲಿಸುವ ಅವಕಾಶ ದೊರೆತವರಲ್ಲಿ ಆ ತಾತ್ಸಾರ ಅಷ್ಟಾಗಿ ಕಾಣಲಿಲ್ಲ. ನಿರಪರಾಧಿಗೂ ಹೀಗಾಗಬಹುದಾದರೆ ನಾಳೆ ನನಗೂ ಆದೀತು ಎಂಬ ಭಯವನ್ನು ಮನಸ್ಸು ತಾಳಲಾರದು. ಆದುದರಿಂದ ಅದು ನೊಂದವರಲ್ಲಿಯೇ ತಪ್ಪನ್ನು ಹುಡುಕುತ್ತದೆ. ಸಂತ್ರಸ್ತರು ತಮ್ಮನ್ನು ತಾವೇ ದೂಷಿಸಿಕೊಳ್ಳುವುದರಲ್ಲಿಯೂ ಇದೇ ಆಸರೆ ಅಡಗಿದೆ: ಅಕಾರಣ ದುಃಖಕ್ಕಿಂತ ಕಾರಣವುಳ್ಳ ಶಿಕ್ಷೆ ಸಹ್ಯ.

ಯೋಬನ ಸ್ನೇಹಿತರು ಮಾಡಿದ್ದೂ ಇದನ್ನೇ. ಏಳು ದಿನ ಮೌನವಾಗಿ ಕುಳಿತಿದ್ದಾಗ ಅವರು ಉತ್ತಮ ಪಾಲಕರೇ ಆಗಿದ್ದರು. ಬಾಯ್ತೆರೆದ ಮೇಲೆ ಕೆಟ್ಟರು. ಸಂತ ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಯೇಸು, ಪಿಲಾತನ ಕ್ರೌರ್ಯಕ್ಕೆ ಬಲಿಯಾದವರನ್ನೂ ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿಯನ್ನೂ ಒಟ್ಟಿಗೆ ನೆನೆದು, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಲೆಕ್ಕಾಚಾರವನ್ನು ನಿರಾಕರಿಸುತ್ತಾರೆ. ಪಶ್ಚಾತ್ತಾಪದ ಕರೆ ಅಲ್ಲಿ ಸತ್ತವರನ್ನು ಕುರಿತದ್ದಲ್ಲ, ಕೇಳುತ್ತಿದ್ದವರಿಗೆ ಕೊಟ್ಟದ್ದು. ನಮ್ಮ ಪ್ರಬೋಧನೆಗಳಲ್ಲಿ ಆ ನಿರಾಕರಣೆ ಬಿಟ್ಟುಹೋಗಿ ಎಚ್ಚರಿಕೆಯೊಂದೇ ಉಳಿಯುವುದು ವಿಷಾದಕರ. ಹುಟ್ಟುಕುರುಡನ ಪ್ರಸಂಗದಲ್ಲಿಯೂ (ಯೊವಾನ್ನ 9) ಪಾಪ ಯಾರದೆಂದು ಶಿಷ್ಯರು ಕೇಳಿದರೆ, ಯೇಸು ಅವರ ಗಮನವನ್ನು ಮಾಡಬೇಕಾದ ಕಾರ್ಯದ ಕಡೆಗೆ ತಿರುಗಿಸುತ್ತಾರೆ. ಪ್ರಯೋಗಶಾಲೆಯಿಂದ ಶುಭಸಂದೇಶಕ್ಕೆ ಪುರಾವೆ ಬೇಕಿಲ್ಲ. ಆದರೂ ನೆರವಾಗುವ ದಾರಿ ಕಂಡವರು ನೊಂದವರನ್ನು ಅಷ್ಟು ಸುಲಭವಾಗಿ ಹೀನೈಸಲಿಲ್ಲವೆಂಬುದನ್ನು ಧರ್ಮಕೇಂದ್ರದ ಗುರುಗಳು ಮರೆಯಬಾರದು. ಟೀಕಿಸುವವರ ಕೈಗೆ ಅಕ್ಕಿ ಮೂಟೆ ಕೊಡುವುದು ಪ್ರಸಂಗಕ್ಕಿಂತ ಫಲಕಾರಿ.

ಪಾಪನಿವೇದನೆಯಲ್ಲಿ ವಿವೇಚನೆ ಇನ್ನೂ ಸೂಕ್ಷ್ಮವಾಗಬೇಕು. ಆಕೆ ನಿಜವಾದ ಪಾಪವನ್ನು ಹೇಳಿಕೊಂಡರೆ ಕ್ಷಮಾದಾನವಿದೆ; ನೆರೆಯನ್ನೇ ಅದರ ದಂಡನೆಯೆಂದು ನಂಬಿದ್ದರೆ, ಆ ಕೊಂಡಿಯನ್ನು ಮೃದುವಾಗಿಯೇ ಕಳಚಬೇಕು, ವಾದದಿಂದಲ್ಲ. ‘ದೇವರ ಚಿತ್ತ’ ಎಂಬ ನುಡಿಯನ್ನೂ ಆತುರದಿಂದ ಬಳಸಲಾಗದು. ಗೇಟುಗಳನ್ನು ಯಾವಾಗ ಎತ್ತಬೇಕಾಗಿತ್ತು, ಮುನ್ಸೂಚನೆ ಎಷ್ಟು ಮುಂಚೆ ತಲುಪಬೇಕಾಗಿತ್ತು, ಪುನರ್ವಸತಿಗೆ ಜಾಗವೆಲ್ಲಿ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಮನುಷ್ಯರು. ಗ್ರಾಮಸಭೆಯಲ್ಲಿ ಅವುಗಳನ್ನು ಎತ್ತಲು ಆಕೆ ಎದ್ದು ನಿಂತಾಗ ಪಕ್ಕದ ಕುರ್ಚಿಯಲ್ಲಿ ಗುರುಗಳಿರುವುದು ಅನುಚಿತವೇನಲ್ಲ.