ಅಂಗಾಲು ನೀಲಿಗಟ್ಟಿದರೆ ಅದು ಬರೀ ಉಳುಕಲ್ಲ

ಕಳೆದ ವರ್ಷ ಫುಟ್‌ಬಾಲ್ ಆಡುವಾಗ ಬೆರಳೂರಿ ನಿಂತಿದ್ದ ನನ್ನ ಹಿಮ್ಮಡಿಯ ಮೇಲೆ ಇನ್ನೊಬ್ಬ ಬಿದ್ದ. ಮನೆಯಲ್ಲಿ ಎಲ್ಲರೂ 'ಮೋಚ್' ಅಂದರು, ಅಂದರೆ ಉಳುಕು. ಅಮ್ಮಿ ಎಣ್ಣೆ ಹಚ್ಚಿ ತಿಕ್ಕಿದರು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಮೂರನೇ ದಿನ ಅಂಗಾಲಿನ ನಡುವೆ ನೀಲಿಗಟ್ಟಿತು. ಅದನ್ನು ನೋಡಿದ ಮೂಳೆ ಡಾಕ್ಟರು ನನ್ನನ್ನು ನಿಲ್ಲಿಸಿ ಎರಡೂ ಪಾದಗಳ ಎಕ್ಸ್‌ರೇ ತೆಗೆಸಿದರು. ಮೈಭಾರ ಬಿದ್ದಾಗ ಹೆಬ್ಬೆರಳು ಮತ್ತು ಎರಡನೇ ಬೆರಳಿನ ಉದ್ದ ಮೂಳೆಗಳ ನಡುವೆ ಸಂದು ಕಂಡಿತು!

ಇದಕ್ಕೆ ಲಿಸ್‌ಫ್ರಾಂಕ್ ಗಾಯ ಎನ್ನುತ್ತಾರೆ. ಲಿಸ್‌ಫ್ರಾಂಕ್ ನೆಪೋಲಿಯನ್ ಕಾಲದ ಫ್ರೆಂಚ್ ಸರ್ಜನ್. ಆಗ ಕುದುರೆಯಿಂದ ಬಿದ್ದ ಸವಾರರ ಪಾದ ರಿಕಾಬಿನಲ್ಲಿ ಸಿಕ್ಕಿ ಹೀಗಾಗುತ್ತಿತ್ತು. ಉಳಿದ ಬೆರಳುಗಳ ಉದ್ದ ಮೂಳೆಗಳ ಬುಡವನ್ನು ಲಿಗಮೆಂಟುಗಳು ಒಂದಕ್ಕೊಂದು ಕಟ್ಟಿರುತ್ತವೆ. ಈ ಎರಡರ ನಡುವೆ ಮಾತ್ರ ಆ ಕಟ್ಟು ಇಲ್ಲ. ಎರಡನೆಯದನ್ನು ಹಿಡಿದಿರುವುದು ಒಳಬದಿಯ ಚಿಕ್ಕ ಮೂಳೆಗೆ ಓರೆಯಾಗಿ ಹೋಗುವ ಒಂದು ಲಿಗಮೆಂಟ್. ಅದು ಹರಿದರೆ ಪಾದದ ಕಮಾನು ಕುಸಿಯಬಹುದು.

ಮೂಳೆ ಸರಿಯದಿದ್ದರೆ ಸುಮಾರು 6 ವಾರ ಕಾಲೂರದೆ ಪ್ಲಾಸ್ಟರ್ ಸಾಕು. ಸರಿದಿದ್ದರೆ ಆಪರೇಷನ್. ನನಗೆ ಎರಡು ಸ್ಕ್ರೂ ಬಿದ್ದವು. ಬೆರಳು ಮಡಚಿ ಕೂರಲಾಗದೆ ನಾಲ್ಕು ತಿಂಗಳು ಕುರ್ಚಿಯಲ್ಲೇ ನಮಾಜ್ ಮಾಡಿದೆ. ಈಗ ಎಂಟನೇ ತಿಂಗಳು. ಮೊನ್ನೆ ಫಿಜಿಯೋ ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿಸಿದರು. ನೋವಿಲ್ಲ. ಚೆಂಡು ಮುಟ್ಟಲು ಮಾತ್ರ ಇನ್ನೂ ಬಿಟ್ಟಿಲ್ಲ.